ಗುಳಿಗೆಯ ಚಟ: ಮೆರವಣಿಗೆ ಮುಗಿದ ಮರುದಿನ ಏನು?



ಪ್ರತಿ ವರ್ಷ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನಕ್ಕೆ, ನಮ್ಮ ಊರುಗಳಲ್ಲಿ ಮಕ್ಕಳ ಮೆರವಣಿಗೆ ಹೊರಡುತ್ತದೆ. ಫಲಕ ಹಿಡಿಯುತ್ತಾರೆ, ಪ್ರತಿಜ್ಞೆ ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಮರುದಿನ ಒಬ್ಬ ತಾಯಿ ಬಂದು, "ನನ್ನ ಮಗನಿಗೆ ಗುಳಿಗಿ ಬಿಡಲಿಕ್ಕೆ ಆಗವಲ್ದು, ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಎಂದರೆ ನಮ್ಮಲ್ಲಿ ಉತ್ತರ ಇದೆಯೇ?

ನನ್ನನ್ನು ಒಬ್ಬ ತಾಯಿ ಹೀಗೆಯೇ ಕೇಳಿದ್ದರು. ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುತ್ತ, ಬಿಡುವಾದಾಗ ಆರೋಗ್ಯ ಶಿಬಿರಗಳಲ್ಲಿ ಸೇವೆ ಮಾಡುವವನು ನಾನು. ಪರಿಚಯದ ಮನೆಯೊಂದರ ಹುಡುಗ ಬೈಕಿನಿಂದ ಬಿದ್ದು ಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಗಾಯ ಮಾಯಿತು, ನೋವಿನ ಗುಳಿಗೆ ನಿಲ್ಲಲಿಲ್ಲ. ಚೀಟಿ ಇಲ್ಲದೆಯೂ ಕೊಡುವ ಅಂಗಡಿ ಅವನಿಗೆ ಗೊತ್ತಿತ್ತು. ರಾತ್ರಿ ಊಟ ಬಿಟ್ಟ, ಈರುಳ್ಳಿ ಸಹ ತರದ ಮನೆ ಅದು. ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ತಾಯಿ ಕೇಳಿದ್ದು: "ಅಣ್ಣಾರೇ, ಇದು ಡಾಕ್ಟರ್ ಬರೆದ ಗುಳಿಗಿ. ಇದು ಹ್ಯಾಂಗ ಚಟ ಆಗ್ತದ್ರಿ?" ಮದುವೆ ಸಂಬಂಧ ತಪ್ಪೀತೆಂದು ಒಂದೂವರೆ ವರ್ಷ ಅವರು ವಿಷಯ ಮುಚ್ಚಿಟ್ಟಿದ್ದರು.

ಆ ತಾಯಿಗೆ ಉತ್ತರ ಹೇಳಬೇಕಾದರೆ ಈ ಔಷಧಗಳ ಕುಲ ತಿಳಿಯಬೇಕು. ಅಫೀಮಿನಿಂದ ಬಂದ ಮಾರ್ಫಿನ್, ಕೊಡೀನ್, ಹೆರಾಯಿನ್. ಕಾರ್ಖಾನೆಯಲ್ಲಿ ತಯಾರಾಗುವ ಟ್ರಮಡಾಲ್, ಟ್ಯಾಪೆಂಟಡಾಲ್. ಇವೆಲ್ಲ ಓಪಿಯಾಯ್ಡ್ ಗುಂಪಿನವು. ನೋವು ತಗ್ಗಿಸುತ್ತವೆ, ಮನಸ್ಸಿಗೂ ಹಾಯೆನಿಸುತ್ತವೆ. ಬಹುದಿನ ತೆಗೆದುಕೊಂಡರೆ ದೇಹ ಇನ್ನೂ ಹೆಚ್ಚು ಬೇಡುತ್ತದೆ. ನಿಲ್ಲಿಸಿದರೆ ಮೈಕೈ ನೋವು, ಭೇದಿ, ನಿದ್ರೆಯಿಲ್ಲದ ರಾತ್ರಿ. ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಇವನ್ನು ಬಳಸುತ್ತಾರೆ. ಸುಮಾರು 77 ಲಕ್ಷ ಜನಕ್ಕೆ ನೆರವಿನ ಅಗತ್ಯವಿದೆ.

ಕಾನೂನು ಇಲ್ಲವೆಂದಲ್ಲ. ಟ್ರಮಡಾಲ್, ಕೊಡೀನ್‌ನಂಥ ಔಷಧಗಳು 2014ರಿಂದ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ, ಇಷ್ಟನ್ನೂ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರಲ್ಲಿ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೂ ಬಂತು. ಅದು ಬಿಗಿಯಾದ ಮೇಲೆ ಹಲವೆಡೆ ದುರ್ಬಳಕೆ ಟ್ಯಾಪೆಂಟಡಾಲ್ ಕಡೆ ಹೊರಳಿತು. ಟ್ಯಾಪೆಂಟಡಾಲ್ ಜೊತೆ ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆ ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಯುವಕರನ್ನು ಹಾಳುಮಾಡುತ್ತಿರುವುದು ಬಯಲಾದ ಮೇಲೆ, 2025ರ ಫೆಬ್ರವರಿಯಲ್ಲಿ ಅದರ ತಯಾರಿಕೆ ಮತ್ತು ರಫ್ತಿನ ಅನುಮತಿಯನ್ನು ಕೇಂದ್ರ ಹಿಂಪಡೆಯಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ವ್ಯಾಪಾರಿಯಾಗಿ ಹೇಳುತ್ತೇನೆ: ರಿಜಿಸ್ಟರ್ ಬರೆಯುವುದು ಇನ್ಸ್‌ಪೆಕ್ಟರ್ ಭಯಕ್ಕಲ್ಲ. ನಮ್ಮ ಕೈಯಿಂದ ಹೋದ ಮಾಲು ಯಾರ ಮನೆ ಸೇರಿತು ಎಂಬ ಲೆಕ್ಕ ಅದು.

ಆದರೆ ಭಯಬಿದ್ದು ಎಲ್ಲ ಬಾಗಿಲನ್ನೂ ಮುಚ್ಚಿದರೆ ಇನ್ನೊಂದು ಅನ್ಯಾಯ ಆಗುತ್ತದೆ. 1985ರ ಕಾಯ್ದೆಯ ಬಿಗಿ ನಿಯಮಗಳಿಂದ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗದೆ ದೇಶದಲ್ಲಿ ಸಾವಿರಾರು ಜನ ನೋವಿನಲ್ಲೇ ಪ್ರಾಣ ಬಿಟ್ಟರು. ಇದನ್ನು ಸರಿಪಡಿಸಲೆಂದೇ 2014ರಲ್ಲಿ ತಿದ್ದುಪಡಿ ಬಂತು. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವೇ ಇದೆ. ಅಂಥ ಕಡೆ ವೈದ್ಯರು ಮಾರ್ಫಿನ್ ಬರೆದರೆ "ಚಟ ಹತ್ತುತ್ತದೆ" ಎಂದು ಮನೆಯ ಹಿರಿಯರ ಔಷಧ ತಪ್ಪಿಸಬೇಡಿ. ಅಮೆರಿಕದಲ್ಲಿ ಲಾಭದಾಸೆಗೆ ಎಲ್ಲರಿಗೂ ಬರೆದು ಕೆಟ್ಟರು. ನಾವು ನಿಜವಾಗಿ ಬೇಕಾದವರಿಗೂ ಕೊಡದೆ ಕೆಟ್ಟೆವು.

ಈಗ ಚಿಕಿತ್ಸೆಯ ಮಾತು. ಓಪಿಯಾಯ್ಡ್ ಚಟಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಔಷಧವನ್ನು ವೈದ್ಯರ ನಿಗಾದಲ್ಲಿ ಕೊಡುತ್ತಾರೆ. ಪಂಜಾಬಿನಲ್ಲಿ ಹೊರರೋಗಿ ಕೇಂದ್ರಗಳ ಮೂಲಕ ಇದನ್ನು ಜಿಲ್ಲೆ ಜಿಲ್ಲೆಗೂ ಮುಟ್ಟಿಸಿದರು. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂತೆ" ಎಂದು ಕೆಲವರು ಅನ್ನುತ್ತಾರೆ. ಹಾಗಲ್ಲ. ಸಕ್ಕರೆ ಕಾಯಿಲೆಗೆ ದಿನಾ ಗುಳಿಗೆ ನುಂಗಿದ ಹಾಗೆ; ಮನುಷ್ಯ ಕೆಲಸ ಮಾಡಿಕೊಂಡು ಸಂಸಾರ ನಡೆಸಬಹುದು. ಬದಲಿಗೆ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಅಪಾಯ. ಕೆಲ ವಾರ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ. ಆಗ ಮತ್ತೆ ಹಳೆಯ ಪ್ರಮಾಣ ತೆಗೆದುಕೊಂಡರೆ ಜೀವಕ್ಕೇ ಕುತ್ತು.

ಅದೇ ಸಮೀಕ್ಷೆಯ ಪ್ರಕಾರ, ಅಕ್ರಮ ಮಾದಕ ವಸ್ತುಗಳಿಗೆ ದಾಸರಾದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಸಿಕ್ಕಿದೆ. ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾರಿ ತೋರಿಸಿದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಯೋಗ ಮಾಡಿತ್ತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಯೋಜನೆಯೂ ನಮ್ಮ ರಾಜ್ಯದಲ್ಲಿದೆ. ವ್ಯವಸ್ಥೆಯ ಚೌಕಟ್ಟು ಇದೆ. ಅದರೊಳಗೆ ಗುಳಿಗೆ ಚಟದ ಚಿಕಿತ್ಸೆಯೂ ಗಟ್ಟಿಯಾಗಿ ಸೇರಬೇಕು. ಕಮಲಾಪುರದ ಕೂಲಿಯವನು ವಾರಕ್ಕೊಮ್ಮೆ ದಿನಗೂಲಿ ಕಳೆದುಕೊಂಡು ಕಲಬುರಗಿಗೆ ಬರಬೇಕಾದರೆ ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾನೆ. ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದದ್ದು ಇದನ್ನು.

ಪೊಲೀಸರ ಭಯಕ್ಕೆ ಹಿಂದೆ ಸರಿಯುವವರಿಗೆ ಒಂದು ಮಾತು. ಸ್ವಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಮಾದಕ ವಸ್ತು ಕಾಯ್ದೆಯ 64-ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ.

ಸೇಡಂ ತಾಲ್ಲೂಕಿನ ಮಳಖೇಡ ನಮಗೆ ದೂರವಲ್ಲ. ಅದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥ ಬರೆದವರು. ಅಹಿಂಸೆಯನ್ನೂ ವೈದ್ಯವನ್ನೂ ಒಟ್ಟಿಗೆ ನಡೆಸಿದ ಪರಂಪರೆ ನಮ್ಮದು. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸುವ ನಾವು, ಚಟಕ್ಕೆ ಬಿದ್ದವನನ್ನು ಪಾಪಿ ಎಂದು ಹೊರಗಿಟ್ಟರೆ ಹೇಗೆ? ಸಪ್ತವ್ಯಸನ ಬೇಡವೆಂದು ಬೋಧಿಸುವುದು ಸರಿ. ಬಿದ್ದವನನ್ನು ಎಬ್ಬಿಸುವುದು ಆಮೇಲಿನ ಕೆಲಸ.

ಸಮಾಜ ಬಾಂಧವರಲ್ಲಿ ಮೂರು ವಿನಂತಿ. ಔಷಧ ಅಂಗಡಿ ಇರುವವರು ಚೀಟಿ ಇಲ್ಲದೆ ಈ ಗುಳಿಗೆ ಕೊಡಬೇಡಿ. ಮನೆಯಲ್ಲಿ ಉಳಿದ ನೋವಿನ ಗುಳಿಗೆಗಳನ್ನು ಎಣಿಸಿ, ಬೀಗದಲ್ಲಿಡಿ. ಅನುಮಾನ ಬಂದರೆ ಮುಚ್ಚಿಡದೆ ಟೆಲಿ-ಮಾನಸ್ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಎರಡೂ ಉಚಿತ.

ನಾನು ಹೇಳಿದ ಹುಡುಗ ಈಗ ತಂದೆಯ ಅಂಗಡಿಯಲ್ಲಿ ಕೂರುತ್ತಾನೆ. ಔಷಧ ಇನ್ನೂ ನಡೆದಿದೆ. ಆ ಒಂದೂವರೆ ವರ್ಷ ಮೊದಲೇ ಬಂದಿದ್ದರೆ ಎಂದು ಅವನ ತಾಯಿ ಈಗಲೂ ಅನ್ನುತ್ತಾರೆ.