ಹಾಲು ಸುರಿಯುವವಳು, ಬೆಣ್ಣೆ ತೆಗೆಯುವವಳು

ಮ್ಯೂಸಿಯಂಗೆ ಹೋದಾಗಲೆಲ್ಲ ನನಗೊಂದು ಕೀಳರಿಮೆ. ಪಕ್ಕದವರು ಒಂದೊಂದು ಚಿತ್ರದ ಮುಂದೆ ಹತ್ತು ನಿಮಿಷ ನಿಂತಿರುತ್ತಾರೆ, ನನಗೆ ಒಂದೇ ನಿಮಿಷಕ್ಕೆ ನೋಡಿ ಮುಗಿದಿರುತ್ತೆ! ಬಣ್ಣ, ಬೆಳಕು ಅಂತ ಮಾತಾಡೋಕೆ ನಾನು ಚಿತ್ರಕಲೆ ಕಲಿತವನಲ್ಲ. ಅಲ್ಪಸ್ವಲ್ಪ ಕಾದಂಬರಿ ಓದಿದ್ದೇನೆ, ಅಷ್ಟೆ.

ಆಫೀಸಿನ ಕೆಲಸದ ಮೇಲೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿದ್ದಾಗ ಒಂದು ಭಾನುವಾರ ರೈಕ್ಸ್‌ಮ್ಯೂಸಿಯಂಗೆ ಹೋದೆ. ಅಲ್ಲಿ ವರ್ಮೀರ್‌ನ ‘ಮಿಲ್ಕ್‌ಮೇಡ್’ ಇದೆ. 1660ರ ಆಸುಪಾಸಿನದು, ಎತ್ತರ 45 ಸೆಂಟಿಮೀಟರ್ ಚಿಲ್ಲರೆ. ಅಡುಗೆಮನೆಯಲ್ಲಿ ಕೆಲಸದಾಕೆಯೊಬ್ಬಳು ಹಾಲು ಸುರಿಯುತ್ತಿದ್ದಾಳೆ. ಮೇಜಿನ ಮೇಲೆ ಬ್ರೆಡ್ಡು, ಗೋಡೆಯಲ್ಲೊಂದು ಮೊಳೆ, ಮೊಳೆ ಕಿತ್ತ ತೂತುಗಳು. ಇಷ್ಟೇ. ಆದರೆ ಅವತ್ತು ಅಲ್ಲಿಂದ ಕಾಲು ಕೀಳಲಾಗಲಿಲ್ಲ...

ಕಾರಣ ಜಾರ್ಜ್ ಎಲಿಯಟ್. ಗಂಡಸಿನ ಹೆಸರಲ್ಲಿ ಬರೆದ ಈ ಲೇಖಕಿ 1858ರಲ್ಲಿ ಮ್ಯೂನಿಕ್, ಡ್ರೆಸ್ಡೆನ್ ಸುತ್ತಿ ಅಲ್ಲಿನ ಗ್ಯಾಲರಿಗಳನ್ನು ನೋಡಿದರು. ಆಗ ಬರೆಯುತ್ತಿದ್ದದ್ದು ‘ಆಡಮ್ ಬೀಡ್’. ಅದರ 17ನೇ ಅಧ್ಯಾಯದಲ್ಲಿ ಕಥೆ ನಿಲ್ಲಿಸಿ, ಓದುಗರ ಜೊತೆ ವಾದಕ್ಕೇ ಇಳಿಯುತ್ತಾರೆ. ದೇವತೆಗಳ ಚಿತ್ರ ಬೇಕಾದರೆ ಬರೆಯಿರಿ, ಆದರೆ ಒಬ್ಬಳೇ ಕೂತು ಉಣ್ಣುವ ಮುದುಕಿಯನ್ನು, ಕೈ ಒರಟಾದ ದುಡಿಯುವವರನ್ನು ಕಲೆಯಿಂದ ಹೊರಗಿಡಬೇಡಿ ಅನ್ನೋದು ಅವರ ವಾದ. ಅದಕ್ಕೆ ಡಚ್ ಚಿತ್ರಗಳೇ ಸಾಕ್ಷಿ. 1872ರಲ್ಲಿ ಥಾಮಸ್ ಹಾರ್ಡಿ ಕೂಡ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಕಾದಂಬರಿಗೆ ಡಚ್ ಶೈಲಿಯ ಹಳ್ಳಿ ಚಿತ್ರ ಅಂತಲೇ ಉಪಶೀರ್ಷಿಕೆ ಕೊಟ್ಟ.

ಆದರೆ ನನ್ನನ್ನು ನಿಲ್ಲಿಸಿದ್ದು ಆ ವಾದವಲ್ಲ, ಅದೇ ಕಾದಂಬರಿಯ ಹೆಟ್ಟಿ. ಸೋದರಮಾವನ ಮನೆಯಲ್ಲಿ ಬೆಣ್ಣೆ ತೆಗೆಯುವ ಚೆಂದದ ಹುಡುಗಿ. ಜಮೀನ್ದಾರರ ಮೊಮ್ಮಗ ನೋಡ್ತಾ ನಿಂತಿರುತ್ತಾನೆ. ಆ ದೃಶ್ಯಕ್ಕೆ ಚೌಕಟ್ಟು ಹಾಕಿದರೆ ಥೇಟ್ ಡಚ್ ಚಿತ್ರವೇ! ಆದರೆ ಕಾದಂಬರಿ ಅಲ್ಲಿಗೆ ನಿಲ್ಲಲ್ಲ. ಹೆಟ್ಟಿ ಬಸುರಾಗಿ ಮನೆ ಬಿಡುತ್ತಾಳೆ, ಹೆತ್ತ ಕೂಸನ್ನು ಬಿಟ್ಟು ಹೋಗುತ್ತಾಳೆ, ಕೂಸು ಸಾಯುತ್ತೆ. ಗಲ್ಲು ಶಿಕ್ಷೆ ಕೊನೇ ಗಳಿಗೆಯಲ್ಲಿ ಗಡೀಪಾರಿಗೆ ಇಳಿಯುತ್ತೆ.

ವರ್ಮೀರ್‌ನ ಚಿತ್ರದಲ್ಲೂ ಗೋಡೆಯ ಬುಡಕ್ಕೆ ಸಾಲಾಗಿ ಟೈಲ್ಸ್ ಇವೆ, ಒಂದರ ಮೇಲೆ ಪುಟ್ಟ ಕ್ಯುಪಿಡ್. ಅದು ಪ್ರೇಮದ ಸುಳಿವು ಅಂತ ಕೆಲವು ಕಲಾ ಇತಿಹಾಸಕಾರರು ಹೇಳ್ತಾರೆ. ಅದನ್ನು ನೋಡಿದ ಮೇಲೆ ಆ ಅಡುಗೆಮನೆಯ ಶಾಂತಿ ನನಗೆ ಮೊದಲಿನ ಹಾಗೆ ಉಳಿಯಲಿಲ್ಲ.

ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. “ನೀನು ಚಿತ್ರ ನೋಡ್ಲಿಲ್ಲ ಕಣೋ, ಅದರ ಮೇಲೆ ಕಥೆ ಹೇರಿದೆ” ಅಂದ. ಅರ್ಧ ನಿಜ. ಎಲಿಯಟ್ ಆ ಅಧ್ಯಾಯ ಬರೆದದ್ದು ಈ ಚಿತ್ರ ನೋಡಿಯಲ್ಲ, ವರ್ಮೀರ್‌ನ ಹೆಂಗಸು ಹೆಟ್ಟಿಯೂ ಅಲ್ಲ. ಆದರೂ ಒಪ್ಪಲಾರೆ. ಚಿತ್ರ ‘ಇವಳನ್ನು ನೋಡು’ ಅನ್ನುತ್ತೆ. ಕಾದಂಬರಿ ‘ಆಮೇಲೆ ಇವಳಿಗೇನಾಯ್ತು, ಕೇಳು’ ಅನ್ನುತ್ತೆ. ನನಗಂತೂ ಎರಡೂ ಬೇಕು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಒಬ್ಬರು ಬರ್ತಿದ್ದರು. ಒಂದು ದಿನ ಬರೋದು ನಿಲ್ಲಿಸಿದರು. ಯಾಕೆ ಅಂತ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ, ನಾನೂ ಕೇಳಲಿಲ್ಲ. ಮುಖ ನೆನಪು ಮಾಡಿಕೊಳ್ಳೋಕೆ ಹೋದರೆ ಈಗ ಬರೀ ಬಳೆ ಸದ್ದು ನೆನಪಾಗುತ್ತೆ.

ಅವರನ್ನು ಸರಿಯಾಗಿ ನೋಡಿಯೂ ಇರಲಿಲ್ಲ, ಆಮೇಲೇನಾಯ್ತು ಅಂತ ಕೇಳಿಯೂ ಇರಲಿಲ್ಲ ಅನ್ನೋದು ಅಷ್ಟು ದೂರದ ಮ್ಯೂಸಿಯಂನಲ್ಲಿ ಹೊಳೀಬೇಕಾಯ್ತು.

ನಿಮಗೂ ಯಾವುದಾದರೂ ಚಿತ್ರದ ಮುಂದೆ ಓದಿದ ಪುಸ್ತಕ ನೆನಪಾಗಿದೆಯಾ?