ಖಾರಕ್ಕೂ ಪಾಸ್‌ಪೋರ್ಟ್ ಬೇಕಾ?

ಬ್ಯಾಂಕಾಕ್‌ನ ಬೀದಿ ಅಂಗಡಿಗಳಲ್ಲಿ ವಿದೇಶಿ ಮುಖ ಕಂಡ್ರೆ ಸೋಮ್ ತಮ್‌ಗೆ, ಅಂದ್ರೆ ಪರಂಗಿಕಾಯಿ ಕುಟ್ಟಿ ಮಾಡೋ ಸಲಾಡ್‌ಗೆ, ಎಷ್ಟೋ ಸಲ ಕೇಳದೇನೇ ಮೆಣಸಿನಕಾಯಿ ಕಡಿಮೆ ಹಾಕ್ತಾರೆ. ಕಾಳಜಿಯೇ ಇರಬಹುದು, ಆದ್ರೂ ಒಂದು ಮಾತು ಕೇಳಿ ಹಾಕ್ಬೇಕು ಅನ್ನೋದು ನಮ್ಮ ವಾದ. ಖಾರ ರುಚಿಯಲ್ಲ, ಉರಿ. ಬಿಸಿಯನ್ನು ಗುರುತಿಸೋ ಟಿಆರ್‌ಪಿವಿ1 ಅನ್ನೋ ಸೆನ್ಸರನ್ನೇ ಕ್ಯಾಪ್ಸೈಸಿನ್ ಆನ್ ಮಾಡುತ್ತೆ. ತಿಂತಾ ತಿಂತಾ ಅದು ಮಂದವಾಗುತ್ತೆ, ಯಾವ ದೇಶದವರಿಗಾದ್ರೂ ಅಷ್ಟೇ. ಅಷ್ಟಕ್ಕೂ ಮೆಣಸಿನಕಾಯಿಯೇ ಅಮೆರಿಕಾ ಖಂಡದಿಂದ ಬಂದ ವಿದೇಶಿ!

ಹಾಗಂತ ‘ನಾವು ಇಂಡಿಯನ್ಸ್, ಖಾರ ಯಾವ ಲೆಕ್ಕ’ ಅಂತ ನುಗ್ಗೋದೂ ಬೇಡ. ನಮ್ಮ ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅಲ್ಲಿನ ಪುಟಾಣಿ ಪ್ರಿಕ್ ಖೀ ನೂ ಮುಂದೆ ಅದು ಪಾಪದ್ದು. ‘ಪೆಟ್ ನಿತ್ ನೋಯ್’, ಸ್ವಲ್ಪ ಖಾರ ಅನ್ನೋದ್ರಲ್ಲಿ ಅವಮಾನ ಏನಿಲ್ಲ. ಉರಿ ಹತ್ತಿದ್ರೆ ಹಾಲು ಕುಡೀರಿ, ಕ್ಯಾಪ್ಸೈಸಿನ್ ನೀರಿಗೆ ಬಗ್ಗಲ್ಲ.