ತುಕ್ಕಿಗೆ ತಡೆಯಾಜ್ಞೆ ಇಲ್ಲ

ಓಡುವ ಯಂತ್ರ ಸವೆಯುತ್ತದೆ, ನಿಂತ ಯಂತ್ರ ಇದ್ದ ಹಾಗೆಯೇ ಉಳಿಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಇದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಹೊಲಿಗೆ ಯಂತ್ರವಾಗಲಿ, ಮಳೆಗಾಲವಿಡೀ ಮೂಲೆಗೊರಗಿಸಿದ ಸೈಕಲ್ಲಾಗಲಿ ಈ ಭಾವನೆ ಎಷ್ಟು ಹುಸಿಯೆಂಬುದನ್ನು ತೋರಿಸಿಕೊಡಬಲ್ಲದು. ನಿಂತ ಯಂತ್ರವೂ ಸವೆಯುತ್ತದೆ. ಆ ಸವೆತಕ್ಕೆ ಸದ್ದಿಲ್ಲ, ಅಷ್ಟೆ. ಈ ಸಾಮಾನ್ಯ ಸತ್ಯವನ್ನು ಸರ್ಕಾರಗಳೂ ನ್ಯಾಯಾಲಯಗಳೂ ಏಕೆ ಮರೆಯಬಾರದೆಂಬುದನ್ನು ವಿಚಾರಮಾಡಲು ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಸಿಕ್ಕಿಬಿದ್ದ ಒಂದು ಭಾರೀ ಸರಕು ವಿಮಾನ ನಮಗೆ ಅವಕಾಶ ಒದಗಿಸಿದೆ.

ವಿಮಾನದ ಹೆಸರು ಆಂಟೊನೊವ್-124. ಉಕ್ರೇನಿನ ಕೀವ್ ನಗರದಲ್ಲಿ ಇದರ ವಿನ್ಯಾಸ ನಡೆಯಿತು. ಮೊದಲ ಹಾರಾಟ 1982ರ ಡಿಸೆಂಬರಿನಲ್ಲಿ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 73 ಮೀಟರ್, ಮೂಗಿನಿಂದ ಬಾಲಕ್ಕೆ 69 ಮೀಟರ್. ತುಂಬಿದ ಹೊರೆಯೊಂದಿಗೆ ಮೇಲೇಳುವಾಗ ಒಟ್ಟು ತೂಕ ಸುಮಾರು 400 ಟನ್. ಇದರ ಮೂಗು ಮೇಲಕ್ಕೆ ತೆರೆದುಕೊಳ್ಳುತ್ತದೆ. ಮುಂದಿನ ಚಕ್ರಗಳು ಮಡಚಿ, ಮಾವುತನ ಮುಂದೆ ಆನೆ ಮಂಡಿಯೂರುವಂತೆ ವಿಮಾನ ನೆಲದತ್ತ ಬಾಗುತ್ತದೆ. ಆಗ ರೈಲು ಎಂಜಿನ್ನು, ವಿದ್ಯುದಾಗಾರದ ಟರ್ಬೈನು, ಕೃತಕ ಉಪಗ್ರಹ ಇಂಥವನ್ನು ನೇರವಾಗಿ ಒಳಕ್ಕೆ ಸಾಗಿಸಬಹುದು. ಈ ಜಾತಿಯ ವಿಮಾನಗಳು ಜಗತ್ತಿನಲ್ಲಿ ನಿರ್ಮಾಣವಾದದ್ದೇ ಸುಮಾರು 55. ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಒಂದು ಹಾಳಾದರೆ ಅದರ ಸ್ಥಾನಕ್ಕೆ ಹೊಸದೊಂದನ್ನು ತರಿಸಿಕೊಳ್ಳುವ ಮಾರ್ಗವಿಲ್ಲ.

ವೋಲ್ಗಾ-ದ್ನೆಪರ್ ಎಂಬ ರಷ್ಯಾದ ಸಂಸ್ಥೆಗೆ ಸೇರಿದ ಇಂಥದೊಂದು ವಿಮಾನ 2022ರ ಫೆಬ್ರವರಿ 27ರಂದು ಕೋವಿಡ್ ತಪಾಸಣೆಯ ಸಾಮಗ್ರಿಗಳನ್ನು ಚೀನಾದಿಂದ ಹೊತ್ತು ಟೊರೊಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಇಳಿಯಿತು. ರಷ್ಯಾದ ಸೇನೆ ಉಕ್ರೇನಿನ ಮೇಲೆ ದಂಡೆತ್ತಿ ಹೋಗಿ ಆಗ ಮೂರು ದಿನ ಕಳೆದಿತ್ತು. ಕೆನಡಾ ಸರ್ಕಾರ ಅದೇ ದಿನ ತನ್ನ ವಾಯುಪ್ರದೇಶವನ್ನು ರಷ್ಯಾದ ವಿಮಾನಗಳಿಗೆ ಮುಚ್ಚಿತು. ಸರಕು ಇಳಿಯಿತು, ವಿಮಾನ ಮಾತ್ರ ಮೇಲೇಳಲಿಲ್ಲ. 2023ರ ಜೂನಿನಲ್ಲಿ ಸರ್ಕಾರ ಅದರ ಜಪ್ತಿಗೆ ಆಜ್ಞೆ ಹೊರಡಿಸಿ, ಮುಂದೆ ಅದನ್ನು ಉಕ್ರೇನಿನ ಹಿತಕ್ಕಾಗಿ ಬಳಸುವ ಉದ್ದೇಶವನ್ನು ಪ್ರಕಟಿಸಿತು. ಒಡೆಯರು ಸುಮ್ಮನಿರಲಿಲ್ಲ. ಕೆನಡಾದ ನ್ಯಾಯಾಲಯಕ್ಕೆ ಹೋದದ್ದಲ್ಲದೆ, 1989ರಲ್ಲಿ ಕೆನಡಾ ಮತ್ತು ಅಂದಿನ ಸೋವಿಯತ್ ಒಕ್ಕೂಟ ಮಾಡಿಕೊಂಡಿದ್ದ ಹೂಡಿಕೆ ರಕ್ಷಣೆಯ ಒಪ್ಪಂದವನ್ನು ಎತ್ತಿ ಹಿಡಿದರು. ವಿಮಾನವನ್ನು ಶಾಶ್ವತವಾಗಿ ಮುಟ್ಟುಗೋಲು ಹಾಕಿಕೊಳ್ಳಲು ಸರ್ಕಾರ 2025ರಲ್ಲಿ ನ್ಯಾಯಾಲಯದ ಮೊರೆಹೊಕ್ಕಿತು. ವಾದ, ಪ್ರತಿವಾದ, ಮೇಲ್ಮನವಿ ಇವೆಲ್ಲಕ್ಕೂ ಅವುಗಳದೇ ಆದ ಕಾಲಗತಿಯಿದೆ.

ಆದರೆ ಅಲ್ಲಿ ಓಡುತ್ತಿರುವ ಗಡಿಯಾರ ಅದೊಂದೇ ಅಲ್ಲ. ಪತ್ರಿಕೆಗಳಲ್ಲಿ ವರದಿಯಾದಂತೆ ನಿಲುಗಡೆಯ ಬಾಡಿಗೆ ನಿಮಿಷಕ್ಕೆ 74 ಸೆಂಟು. ದಿನಕ್ಕೆ 1,440 ನಿಮಿಷ; ಆದ್ದರಿಂದ ದಿನದ ಬಾಡಿಗೆ 1,065 ಕೆನಡಾ ಡಾಲರಿಗೂ ಮೀರುತ್ತದೆ, ವರ್ಷದ ಬಾಡಿಗೆ 3,88,944 ಡಾಲರು. ಬಾಡಿಗೆಯ ಗಡಿಯಾರ ನಿಮಿಷಗಳನ್ನು ಎಣಿಸಿದರೆ ವ್ಯಾಜ್ಯದ ಗಡಿಯಾರ ವರ್ಷಗಳನ್ನು ಎಣಿಸುತ್ತದೆ. ಮೂರನೆಯದೊಂದು ಗಡಿಯಾರವಿದೆ, ಅದು ಪ್ರಕೃತಿಯದು. ಅದರ ಕಡೆಗೇ ವಿದ್ಯಾರ್ಥಿಗಳ ಗಮನ ಸೆಳೆಯುವುದು ನಮ್ಮ ಉದ್ದೇಶ.

ಮೊದಲು ಚಕ್ರಗಳನ್ನು ನೋಡೋಣ. ಬರಿದಾದ ಆಂಟೊನೊವ್-124ರ ತೂಕ ಸುಮಾರು 175 ಟನ್; ಚಕ್ರಗಳು 24. ಸರಾಸರಿ ಪ್ರತಿಯೊಂದು ಚಕ್ರದ ಮೇಲೂ 7 ಟನ್ನಿಗಿಂತ ಹೆಚ್ಚಿನ ಭಾರ. ಉರುಳುವ ಚಕ್ರದಲ್ಲಿ ಈ ಒತ್ತಡ ಟೈರಿನ ಎಲ್ಲ ಭಾಗಗಳಿಗೂ ಸರದಿಯ ಮೇಲೆ ಹಂಚಿಹೋಗುತ್ತದೆ. ನಿಂತ ಚಕ್ರದಲ್ಲಾದರೋ ಒಂದೇ ಭಾಗ ಹಗಲಿರುಳೂ ಅದುಮಲ್ಪಟ್ಟು, ರಬ್ಬರು ತನ್ನ ಸ್ಥಿತಿಸ್ಥಾಪಕ ಗುಣವನ್ನು ಕ್ರಮೇಣ ಕಳೆದುಕೊಂಡು ಚಪ್ಪಟೆಯಾಗಿಬಿಡುತ್ತದೆ. ಈ ಕಾರಣದಿಂದಲೇ ನಿಲ್ಲಿಸಿಟ್ಟ ವಿಮಾನಗಳನ್ನು ಆಗಾಗ ತುಸು ಎಳೆದು ಚಕ್ರಗಳನ್ನು ತಿರುಗಿಸುವುದು ಪದ್ಧತಿ.

ಎರಡನೆಯ ಶತ್ರು ನೀರು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆಂದು ನಾವು ತರಗತಿಯಲ್ಲಿ ಕಲಿತಿದ್ದೇವೆ. ಟೊರೊಂಟೊದ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಯ ಕೆಳಕ್ಕೂ ಮೇಲಕ್ಕೂ ಮತ್ತೆ ಮತ್ತೆ ಹೋಗಿಬರುತ್ತದೆ. ಸಂದಿಗೊಂದಿಗಳಲ್ಲಿ ಸೇರಿದ ನೀರು ಪ್ರತಿ ಸಲವೂ ಬೆಣೆ ಬಡಿದಂತೆ ಸಂದಿಯನ್ನು ಅಗಲಮಾಡುತ್ತದೆ. ಇಂಧನದ ತೊಟ್ಟಿಗಳೂ ಒಂದು ಬಗೆಯಲ್ಲಿ ಉಸಿರಾಡುತ್ತವೆ: ಹಗಲು ಬಿಸಿಯೇರಿದ ಗಾಳಿ ಹೊರಹೋಗುತ್ತದೆ, ಇರುಳು ತಣ್ಣನೆಯ ಗಾಳಿ ತೇವವನ್ನು ಹೊತ್ತು ಒಳಬರುತ್ತದೆ. ಆ ತೇವ ಹನಿಗೂಡಿ, ಸೀಮೆಎಣ್ಣೆಯಂಥ ಇಂಧನಕ್ಕಿಂತ ಸಾಂದ್ರತೆ ಹೆಚ್ಚಾದ್ದರಿಂದ ತಳಕ್ಕಿಳಿಯುತ್ತದೆ. ನೀರೂ ಎಣ್ಣೆಯೂ ಸಂಧಿಸುವೆಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಅವು ಹೊರಬಿಡುವ ಆಮ್ಲಗಳು ಲೋಹವನ್ನು ಕೊರೆಯುತ್ತವೆ.

ಮೂರನೆಯದು ಇನ್ನೂ ಸ್ವಾರಸ್ಯಕರ. ಅಲ್ಯೂಮಿನಿಯಮ್ಮಿನ ಹೊದಿಕೆಗೆ ಉಕ್ಕಿನ ಬಂಧಕವನ್ನು ಜೋಡಿಸಿ ನಡುವೆ ಲವಣಯುಕ್ತ ತೇವವಿರಿಸಿದರೆ ಅದು ವೋಲ್ಟಾನ ವಿದ್ಯುತ್ಕೋಶವೇ ಆಗುತ್ತದೆ. ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆಯೊಳಗೆ ನಾವು ಮಾಡಿ ನೋಡುವ ಕ್ರಿಯೆಯೇ ವಿಮಾನದ ಮೈಯಲ್ಲಿ ಸಾವಿರಾರು ಕಡೆ ನಡೆಯಲು ಅಲ್ಲಿ ಅವಕಾಶವಿದೆ. ಕರಗಿಹೋಗುವ ಧ್ರುವ ಅಲ್ಯೂಮಿನಿಯಮ್ಮಿನದು. ಇವುಗಳ ಜೊತೆಗೆ ಎಂಜಿನ್ನಿನ ಬೇರಿಂಗುಗಳಿಂದ ಎಣ್ಣೆಯ ಪೊರೆ ಇಳಿದುಹೋಗುವುದು, ರಬ್ಬರಿನ ತಡೆಗಳು ಒಣಗಿ ಸೋರುವುದು, ವೇಗವನ್ನಳೆಯುವ ಸಣ್ಣ ನಳಿಗೆಗಳಲ್ಲಿ ಕೀಟಗಳು ಗೂಡು ಕಟ್ಟುವುದು ಇವನ್ನೂ ಸೇರಿಸಿಕೊಳ್ಳಬೇಕು.

ಇವೆಲ್ಲವೂ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮದ ಬೇರೆ ಬೇರೆ ಮುಖಗಳು. ವ್ಯವಸ್ಥೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಅವ್ಯವಸ್ಥೆಯ ಕಡೆಗೇ ಜಾರುತ್ತದೆ; ತಡೆಯಬೇಕಾದರೆ ಹೊರಗಿನಿಂದ ಶ್ರಮ ಹಾಕುತ್ತಲೇ ಇರಬೇಕು. ನ್ಯಾಯಾಲಯ ಯಥಾಸ್ಥಿತಿಯನ್ನು ಕಾಪಾಡಿರೆಂದು ಉಭಯಪಕ್ಷಗಳಿಗೂ ಆಜ್ಞೆ ಮಾಡಬಲ್ಲದು. ಆದರೆ ತೇವ, ಆಮ್ಲಜನಕ, ಹಿಮ ಇವು ಆ ವ್ಯಾಜ್ಯದಲ್ಲಿ ಪಕ್ಷಗಾರರಲ್ಲ. ಯಂತ್ರದ ವಿಷಯದಲ್ಲಿ ಯಥಾಸ್ಥಿತಿಯೆಂಬುದು ತಾನಾಗಿ ಒದಗುವುದಿಲ್ಲ, ದುಡಿದು ಉಳಿಸಿಕೊಳ್ಳಬೇಕು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಯಂತ್ರವೊಂದನ್ನು ತಡೆದು ನಿಲ್ಲಿಸುವ ಅಧಿಕಾರ ಯಾರಿಗಿದೆಯೋ, ಅದನ್ನು ಕಾಪಾಡುವ ಹೊಣೆಯೂ ಅವರದೇ ಆಗಬೇಕು. ಜಪ್ತಿಯ ಆಜ್ಞೆಯಲ್ಲಿಯೇ ಸಂರಕ್ಷಣೆಯ ಏರ್ಪಾಡೂ ಸೇರಿರಬೇಕು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಆಕ್ರಮಣ ಮಾಡಿದ ದೇಶದ ಸ್ವತ್ತಿಗೆ ಉಪಚಾರವೇಕೆ ಎಂದು ಕೇಳಬಹುದು. ನೆರೆಯ ದೇಶದ ಮೇಲೆ ನಡೆದ ಆ ಆಕ್ರಮಣವನ್ನು ನಾವೂ ಖಂಡಿಸುತ್ತೇವೆ. ಆದರೆ ವಿಮಾನ ಉಕ್ರೇನಿನ ಹಿತಕ್ಕೆ ಸಲ್ಲಬೇಕೆಂಬುದೇ ಜಪ್ತಿಯ ಉದ್ದೇಶವಾದರೆ, ಹಾರಲಾರದ ಲೋಹದ ರಾಶಿಯಿಂದ ಆ ದೇಶಕ್ಕೆ ಆಗುವ ಹಿತ ಅಲ್ಪ. ಒಡೆಯರೇ ಗೆದ್ದರೆಂದಿಟ್ಟುಕೊಂಡರೂ, ಹಾಳಾದ ವಸ್ತುವನ್ನು ಹಿಂದಿರುಗಿಸುವುದು ನ್ಯಾಯವೆನಿಸದು. ಯಾರು ಗೆದ್ದರೂ ಸೋಲುವುದು ವಿಮಾನವೇ ಎಂದಾದರೆ ಅಂಥ ತೀರ್ಪಿನ ಫಲವೇನು? ಖರ್ಚು ಯಾರದೆಂಬುದು ಎರಡನೆಯ ಪ್ರಶ್ನೆ. ಬಾಡಿಗೆಯನ್ನು ಲೆಕ್ಕವಿಡುವಂತೆಯೇ ಸಂರಕ್ಷಣೆಯ ವೆಚ್ಚವನ್ನೂ ಲೆಕ್ಕವಿಟ್ಟು, ಕೊನೆಗೆ ವಿಮಾನ ಯಾರ ಕೈಸೇರುವುದೋ ಅವರಿಂದ ವಸೂಲು ಮಾಡಬಹುದು. ವಿಮಾನದ ವಿನ್ಯಾಸಕರು ಕೀವ್‌ನಲ್ಲಿದ್ದಾರೆ. ಎಂಜಿನ್ನುಗಳನ್ನು ತಯಾರಿಸಿದ್ದು ಉಕ್ರೇನಿನದೇ ಆದ ಝಪೊರಿಝಿಯಾ ನಗರದಲ್ಲಿ. ಈ ಯಂತ್ರದ ಮರ್ಮವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಜಪ್ತಿಯ ಫಲವನ್ನು ಪಡೆಯಬೇಕಾದ ದೇಶದಲ್ಲಿಯೇ ಇರುವಾಗ ತಜ್ಞರಿಗೆ ಬರವೆನ್ನುವಂತಿಲ್ಲ.

ಇದು ದೂರದ ಊರಿನ ಮಾತೆಂದು ನಾವು ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ಪೊಲೀಸ್ ಠಾಣೆಗಳ ಆವರಣದಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಲಾರಿ, ಕಾರು, ಬೈಕುಗಳನ್ನು ಯಾರು ಕಂಡಿಲ್ಲ? ವಾಹನಗಳನ್ನು ಹೀಗೆ ಠಾಣೆಗಳಲ್ಲಿ ದೀರ್ಘಕಾಲ ಕೊಳೆಯಿಸುವುದರಿಂದ ಪ್ರಯೋಜನವಿಲ್ಲ, ತಕ್ಕ ಮುಚ್ಚಳಿಕೆ ಬರೆಯಿಸಿಕೊಂಡು ಬೇಗನೆ ಬಿಡುಗಡೆ ಮಾಡಬೇಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಹೇಳಿತು. ವಿಮಾನಗಳ ವಿಷಯದಲ್ಲಿಯೂ ನಮ್ಮಲ್ಲಿ ಒಂದು ಒಳ್ಳೆಯ ಮಾದರಿ ಇದೆ. 2023ರ ಮೇ ತಿಂಗಳಿನಲ್ಲಿ ಗೋ ಫಸ್ಟ್ ವಿಮಾನ ಸಂಸ್ಥೆ ದಿವಾಳಿಯ ಅರ್ಜಿ ಹಾಕಿ ಹಾರಾಟ ನಿಲ್ಲಿಸಿದಾಗ, ಅದು ಬಾಡಿಗೆಗೆ ಪಡೆದಿದ್ದ ವಿಮಾನಗಳು ಕಾನೂನಿನ ಹಗ್ಗಕ್ಕೆ ಸಿಕ್ಕಿ ನೆಲಕಚ್ಚಿದವು. ಒಡೆತನದ ವ್ಯಾಜ್ಯ ತೀರುವುದಕ್ಕೆ ಮೊದಲೇ, ಅದೇ ವರ್ಷದ ಜುಲೈಯಲ್ಲಿ, ಬಾಡಿಗೆಗೆ ಕೊಟ್ಟವರು ತಿಂಗಳಿಗೆ ಎರಡು ಸಲವಾದರೂ ತಮ್ಮ ವಿಮಾನಗಳನ್ನು ಪರೀಕ್ಷಿಸಿ ದುರಸ್ತಿ ನೋಡಿಕೊಳ್ಳಲು ದೆಹಲಿಯ ಉಚ್ಚ ನ್ಯಾಯಾಲಯದ ಆದೇಶವೊಂದು ಅನುಮತಿ ನೀಡಿತು. ಮೂಲ ಪ್ರಶ್ನೆ ಬಗೆಹರಿದು, 54 ವಿಮಾನಗಳ ನೋಂದಣಿ ರದ್ದುಮಾಡಬೇಕೆಂಬ ತೀರ್ಪು ಬಂದದ್ದು 2024ರ ಏಪ್ರಿಲಿನಲ್ಲಿ. ವ್ಯಾಜ್ಯ ಅದರ ಗತಿಯಲ್ಲಿ ನಡೆಯಲಿ, ಯಂತ್ರದ ಆರೈಕೆ ಅದರ ಗತಿಯಲ್ಲಿ ನಡೆಯಲಿ ಎಂಬ ಈ ವಿವೇಕ ಎಲ್ಲ ದೇಶಗಳ ಕಾನೂನಿಗೂ ಭೂಷಣ.

ಯುದ್ಧ ಎಂದಾದರೂ ಮುಗಿಯುತ್ತದೆ. ವ್ಯಾಜ್ಯವೂ ಎಂದಾದರೂ ತೀರುತ್ತದೆ. ಆ ದಿನ ಒಡೆದ ಸೇತುವೆಗಳನ್ನು ಕಟ್ಟಲು, ವಿದ್ಯುದಾಗಾರಗಳನ್ನು ಮತ್ತೆ ನಿಲ್ಲಿಸಲು ಭಾರವಾದ ಸಾಮಗ್ರಿಗಳು ದೂರದಿಂದ ಬರಬೇಕಾಗುತ್ತದೆ. ಅವನ್ನು ಹೊರಬಲ್ಲ ವಿಮಾನಗಳು ಪ್ರಪಂಚದಲ್ಲಿ ಕೆಲವೇ ಇವೆ. ನಾಳೆ ಎಂಜಿನಿಯರುಗಳೂ ವಕೀಲರೂ ಅಧಿಕಾರಿಗಳೂ ಆಗಲಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳಿತು: ಒಡೆಯ ಯಾರೆಂಬುದನ್ನು ನ್ಯಾಯಾಧೀಶರು ನಿಧಾನವಾಗಿ ತೀರ್ಮಾನಿಸಬಹುದು, ಆದರೆ ಆ ತೀರ್ಮಾನ ಬರುವತನಕ ಚಕ್ರವನ್ನು ತಿರುಗಿಸಲು, ತೊಟ್ಟಿಯ ನೀರನ್ನು ಬಸಿಯಲು ಯಾರಾದರೂ ಇರಲೇಬೇಕು.